ನಾನು, ನನ್ನ ನೆಲ, ಎಲ್ಲರ ನಿಯಮ

ಲೋಕದಲ್ಲಿ ಕಠಿಣವಾದ ನಿಯಮಗಳಿಗೆ ಕೊರತೆಯಿಲ್ಲ. ಷಟ್ಪದಿಯ ಮಾತ್ರೆಗಳನ್ನು ತಪ್ಪದೆ ಕೂಡಿಸುವುದು ಕಠಿಣ. ಪಲ್ಲವಿಯನ್ನು ಮೂರು ಕಾಲಗಳಲ್ಲಿ ತಾಳ ಕೆಡದಂತೆ ನಿರ್ವಹಿಸುವುದು ಇನ್ನೂ ಕಠಿಣ. ಆದರೂ ಜನರು ಇವನ್ನು ವರ್ಷಗಟ್ಟಲೆ ಶ್ರಮಪಟ್ಟು ಕಲಿಯುತ್ತಾರೆ, ತಪ್ಪಿದರೆ ನಾಚುತ್ತಾರೆ. ಇವಕ್ಕೆ ಪ್ರತಿಯಾಗಿ, ಮಗುವಿಗೂ ತಿಳಿಯುವಂಥ ಕೆಲವು ನಿಯಮಗಳುಂಟು. ಬಂದವರು ಬಂದ ಕ್ರಮದಲ್ಲಿ ಸಾಲಾಗಿ ನಿಲ್ಲಬೇಕು. ರಸ್ತೆಯಲ್ಲಿ ಎಡಗಡೆಯಿಂದ ಹೋಗಬೇಕು. ಒಬ್ಬರು ಮಾತನಾಡುತ್ತಿರುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕಬಾರದು. ಪರರ ಬಾಗಿಲಿಗೆ ಅಡ್ಡವಾಗಿ ಬಂಡಿಯನ್ನು ನಿಲ್ಲಿಸಬಾರದು. ನಮ್ಮ ಮನೆಯ ಕಸವನ್ನು ಗುಡಿಸಿ ಪಕ್ಕದ ಮನೆಯ ಮುಂದೆ ತಳ್ಳಬಾರದು. ಇವನ್ನು ತಿಳಿಯಲು ಪಾಠಶಾಲೆ ಬೇಡ, ವ್ಯಾಖ್ಯಾನವೂ ಬೇಡ. ಆದರೆ ದಿನದಿನವೂ ಮುರಿಯುವುದು ಈ ನಿಯಮಗಳೇ. ಮುರಿಯುವವರಲ್ಲಿ ಷಟ್ಪದಿಯನ್ನು ಬಲ್ಲವರೂ ಪಲ್ಲವಿಯನ್ನು ಹಾಡಬಲ್ಲವರೂ ಇರುತ್ತಾರೆ.

ಇದಕ್ಕೆ ಅಜ್ಞಾನವೇ ಕಾರಣವೆಂದು ಹೇಳುವಂತಿಲ್ಲ. ತಿಳಿಯದವರು ಯಾರೂ ಇಲ್ಲ. ದುಷ್ಟತನವೇ ಕಾರಣವೆಂದೂ ಹೇಳುವಂತಿಲ್ಲ. ಸಾಲಿನ ನಡುವೆ ನುಗ್ಗುವವನು ಮನೆಯಲ್ಲಿ ವತ್ಸಲನಾದ ತಂದೆಯಾಗಿರಬಹುದು, ಕೊಟ್ಟ ಮಾತಿಗೆ ತಪ್ಪದವನೂ ಆಗಿರಬಹುದು. ಹಾಗಾದರೆ ಸುಲಭವಾದ ನಿಯಮವು ಪಾಲನೆಗೆ ಕಷ್ಟವಾಗುವುದೇಕೆ? ಈ ಪ್ರಶ್ನೆಯನ್ನು ನಾವು ಇಲ್ಲಿ ಸ್ವಲ್ಪ ವಿಚಾರಮಾಡೋಣ. ಮನುಷ್ಯನಲ್ಲಿ ಇದಕ್ಕೆ ಎರಡು ಬೇರುಗಳಿರುವಂತೆ ತೋರುತ್ತದೆ. ಒಂದು, ಇದು ನನ್ನ ನೆಲವೆಂಬ ಎಲ್ಲೆಯ ಬುದ್ಧಿ. ಅದು ಬಹಳ ಪುರಾತನವಾದದ್ದು, ಪ್ರಾಣಿಗಳಲ್ಲಿಯೂ ಇರತಕ್ಕದ್ದು. ಇನ್ನೊಂದು, ನಾನು ಉಳಿದವರಂತಲ್ಲವೆಂಬ ಅಹಂಕಾರ. ಅದು ಮನುಷ್ಯನ ವಿಶೇಷ ಸಂಪಾದನೆ.

ಮೊದಲು ಪ್ರಾಣಿಗಳ ಮಾತನ್ನು ನೋಡೋಣ. ಬೆಳಗಿನ ಹೊತ್ತು ಮರದ ತುದಿಯಲ್ಲಿ ಕುಳಿತು ಹಾಡುವ ಹಕ್ಕಿಯು ಸಂತೋಷದಿಂದ ಹಾಡುತ್ತದೆಂದು ಕವಿಗಳು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಇಂಗ್ಲೆಂಡಿನ ಎಲಿಯಟ್ ಹೋವರ್ಡ್ ಎಂಬ ಪಕ್ಷಿವೀಕ್ಷಕರು ಅನೇಕ ವರ್ಷ ಹಕ್ಕಿಗಳ ನಡೆಯನ್ನು ಗಮನಿಸಿ 1920ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಗೂಡು ಕಟ್ಟುವ ಕಾಲದಲ್ಲಿ ಗಂಡುಹಕ್ಕಿಯು ಒಂದಿಷ್ಟು ಸ್ಥಳವನ್ನು ತನ್ನದೆಂದು ಹಿಡಿದು, ಅದೇ ಜಾತಿಯ ಮತ್ತೊಂದು ಗಂಡನ್ನು ಅಲ್ಲಿಗೆ ಬಾರದಂತೆ ತಡೆಯುವುದೆಂದೂ, ಅದರ ಹಾಡು ಈ ಎಲ್ಲೆಯನ್ನು ಸಾರುವ ಡಂಗುರವೂ ಆಗಿರುವುದೆಂದೂ ಅವರು ತೋರಿಸಿದರು. ಬಳಿಕ ಡೇವಿಡ್ ಲ್ಯಾಕ್ ಎಂಬ ವಿಜ್ಞಾನಿಯು ರಾಬಿನ್ ಎಂಬ ಕೆಂಪು ಎದೆಯ ಸಣ್ಣ ಹಕ್ಕಿಯನ್ನು ಕುರಿತು 1943ರಲ್ಲಿ ಒಂದು ಪುಸ್ತಕವನ್ನು ಬರೆದರು. ತನ್ನ ಎಲ್ಲೆಯೊಳಗೆ ಹುಲ್ಲು ತುಂಬಿದ ಸತ್ತ ರಾಬಿನ್ನನ್ನು ಇಟ್ಟರೂ ಆ ಹಕ್ಕಿ ಅದರ ಮೇಲೆ ಎರಗುತ್ತಿತ್ತು. ತಲೆಯಿಲ್ಲ, ಕಾಲಿಲ್ಲ, ಕೇವಲ ಕೆಂಪು ಗರಿಗಳ ಒಂದು ಗೊಂಚಲನ್ನು ಇಟ್ಟಾಗಲೂ ಕೆಲವು ಹಕ್ಕಿಗಳು ಅದನ್ನು ಶತ್ರುವೆಂದೇ ಬಗೆದವು.

ಹಾಲೆಂಡಿನ ನಿಕೊ ಟಿನ್‌ಬರ್ಗೆನ್ ಎಂಬವರು, 1973ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವರು, ಮುಳ್ಳುಬೆನ್ನಿನ ಒಂದು ಸಣ್ಣ ಮೀನಿನಲ್ಲಿ ಇದೇ ಗುಣವನ್ನು ಪರೀಕ್ಷಿಸಿದರು. ಮರಿಮಾಡುವ ಕಾಲದಲ್ಲಿ ಈ ಮೀನಿನ ಗಂಡಿನ ಹೊಟ್ಟೆ ಕೆಂಪಾಗುತ್ತದೆ. ಮತ್ತೊಂದು ಕೆಂಪುಹೊಟ್ಟೆಯನ್ನು ಕಂಡರೆ ಅದು ಸಿಟ್ಟುಗೊಳ್ಳುತ್ತದೆ. ಲೈಡನ್ನಿನಲ್ಲಿ ಅವರ ಪ್ರಯೋಗಶಾಲೆಯ ಕಿಟಕಿಯ ಹೊರಗೆ ಟಪಾಲಿನ ಕೆಂಪು ಮೋಟಾರು ಹಾದುಹೋದಾಗ, ಗಾಜಿನ ತೊಟ್ಟಿಯೊಳಗಿನ ಮೀನುಗಳೆಲ್ಲ ಆ ಕಡೆಗೆ ತಿರುಗಿ ಯುದ್ಧಕ್ಕೆ ನಿಂತವಂತೆ! ನಗು ಬರುವ ಸಂಗತಿಯೇ ಸರಿ. ಆದರೆ ನಗುವುದಕ್ಕೆ ಮುಂಚೆ, ತನ್ನ ಮನೆಯ ಮುಂದಿನ ಸಾರ್ವಜನಿಕ ರಸ್ತೆಯಲ್ಲಿ ಅಪರಿಚಿತರ ಮೋಟಾರೊಂದು ನಿಂತಿರುವುದನ್ನು ಕಂಡ ಗೃಹಸ್ಥನ ಮುಖವನ್ನು ನೆನಪಿಗೆ ತಂದುಕೊಳ್ಳುವುದು ಒಳ್ಳೆಯದು.

ಈ ಪರೀಕ್ಷೆಗಳಿಂದ ತಿಳಿದುಬಂದ ಇನ್ನೊಂದು ಅಂಶವು ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯವಾದದ್ದು. ಪ್ರಾಣಿಯ ಧೈರ್ಯವು ಅದರ ದೇಹದಲ್ಲಿ ಮಾತ್ರ ಇರುವುದಿಲ್ಲ, ಅದು ನಿಂತ ಸ್ಥಳದಲ್ಲಿಯೂ ಇರುತ್ತದೆ. ತನ್ನ ಗೂಡಿನ ಬಳಿ ಶೂರನಾದ ಮೀನು ಎದುರಾಳಿಯ ಗೂಡಿನ ಬಳಿ ಪಲಾಯನಮಾಡುತ್ತದೆ. ಒಂದರ ಧೈರ್ಯವೂ ಇನ್ನೊಂದರ ಧೈರ್ಯವೂ ಸಮವಾಗುವ ಕಡೆಯಲ್ಲಿ ಎರಡೂ ನಿಲ್ಲುತ್ತವೆ; ಅದೇ ಗಡಿ. ಹೀಗೆ ಎಲ್ಲೆಯೊಂದು ನಿಂತಮೇಲೆ ಕಾದಾಟ ಕಡಿಮೆಯಾಗುತ್ತದೆ. ನಮ್ಮ ಬಂಡೀಪುರ, ನಾಗರಹೊಳೆಗಳ ಕಾಡುಗಳಲ್ಲಿ ಹುಲಿಯು ಮರದ ಬುಡಕ್ಕೆ ತನ್ನ ವಾಸನೆಯನ್ನು ಹಚ್ಚಿ, ನೆಲವನ್ನು ಕೆರೆದು ಗುರುತುಮಾಡುವುದು ಯುದ್ಧವನ್ನು ಬಯಸಿಯಲ್ಲ, ಯುದ್ಧವನ್ನು ತಪ್ಪಿಸಲೆಂದು. ಆದುದರಿಂದ ಎಲ್ಲೆಯ ಬುದ್ಧಿಯನ್ನು ಕೇವಲ ದುರ್ಗುಣವೆಂದು ಹಳಿಯಲಾಗದು. ಅದು ಪ್ರಾಣಿಲೋಕದ ಅತ್ಯಂತ ಹಳೆಯ ನಿಯಮಗಳಲ್ಲಿ ಒಂದು.

ಮನುಷ್ಯನೂ ಇಂಥ ಪ್ರಾಣಿಯೇ ಎಂದು ಒಂದೇ ಉಸಿರಿನಲ್ಲಿ ತೀರ್ಮಾನಿಸಿದವರುಂಟು. 1966ರಲ್ಲಿ ರಾಬರ್ಟ್ ಆರ್ಡ್ರೆ ಎಂಬ ಅಮೆರಿಕದ ಲೇಖಕರು, ಮನುಷ್ಯನ ಸ್ವತ್ತು, ದೇಶಾಭಿಮಾನ, ಯುದ್ಧ ಎಲ್ಲವೂ ಈ ಪ್ರಾಣಿಸಹಜವಾದ ಪ್ರೇರಣೆಯಿಂದಲೇ ಬಂದವೆಂದು ವಾದಿಸಿದರು. ಆಶ್ಲಿ ಮಾಂಟೆಗು ಮೊದಲಾದ ಮಾನವಶಾಸ್ತ್ರಜ್ಞರು ಎರಡು ವರ್ಷಗಳಲ್ಲಿಯೇ ಅದನ್ನು ಬಲವಾಗಿ ಖಂಡಿಸಿದರು. ಮೀನಿಗೆ ಕೆಂಪು ಬಣ್ಣವೇ ಆಜ್ಞೆ. ಮನುಷ್ಯನಿಗಾದರೋ ಭಾಷೆಯಿದೆ, ಸಂಸ್ಕಾರವಿದೆ, ಯೋಚಿಸಿ ಹಿಂತಿರುಗುವ ಶಕ್ತಿಯಿದೆ. ಬೇಟೆಯಾಡಿ ಗೆಡ್ಡೆಗೆಣಸು ಕಿತ್ತು ಜೀವಿಸುವ ಎಷ್ಟೋ ಜನಾಂಗಗಳಲ್ಲಿ ನೆಂಟರಿಗೂ ನೆರೆಯವರಿಗೂ ಗಡಿಗಳು ಸಡಿಲವಾಗಿಯೇ ಇರುತ್ತವೆ. ಆದಕಾರಣ ಮನುಷ್ಯನಲ್ಲಿ ಎಲ್ಲೆಯ ಬುದ್ಧಿಯು ಒಂದು ಒಲವೆಂದು ಹೇಳಬಹುದೇ ಹೊರತು ವಿಧಿಯೆಂದು ಹೇಳಲಾಗದು. ಒಲವಾದರೆ ತಿದ್ದಬಹುದು, ತಿದ್ದಬೇಕಾದರೆ ಅದು ಇದೆಯೆಂದು ಮೊದಲು ಒಪ್ಪಬೇಕು.

ಒಪ್ಪಲು ದೂರ ಹೋಗಬೇಕಾಗಿಲ್ಲ. ಬಸ್ಸು ನಿಲ್ದಾಣಕ್ಕೆ ಬಂದು ನಿಲ್ಲುವುದೇ ತಡ, ಕಿಟಕಿಯ ಮೂಲಕ ಒಳಕ್ಕೆ ಒಂದು ಟವಲು ಬೀಳುತ್ತದೆ. ಟವಲಿನ ಒಡೆಯನು ಇನ್ನೂ ಬಾಗಿಲಿನ ನೂಕುನುಗ್ಗಲಿನಲ್ಲಿರುತ್ತಾನೆ; ಆದರೆ ಆ ಆಸನವು ಆಗಲೇ ಅವನ ರಾಜ್ಯ. ಮತ್ತೊಬ್ಬನು ಅದರಲ್ಲಿ ಕುಳಿತನೆಂದರೆ, ಕೋಟೆಗೆ ಮುತ್ತಿಗೆ ಹಾಕಿದಷ್ಟೇ ಕೋಪ. ಟವಲು ಹಾಕುವುದರಿಂದ ಹಕ್ಕು ಬರುತ್ತದೆಂದು ಯಾವ ಕಾಯಿದೆಯಲ್ಲಿಯೂ ಇಲ್ಲ. ಆದರೂ ಆ ಹಕ್ಕನ್ನು ಒಳಗಿರುವ ಬಹುಮಂದಿ ಮನ್ನಿಸುತ್ತಾರೆ. ನಾಳೆ ತಮ್ಮ ಟವಲನ್ನೂ ಇತರರು ಮನ್ನಿಸಬೇಕಷ್ಟೆ! ಅಮೆರಿಕದ ಎಡ್ವರ್ಡ್ ಹಾಲ್ ಎಂಬ ಮಾನವಶಾಸ್ತ್ರಜ್ಞರು 1966ರಲ್ಲಿ, ಪ್ರತಿಯೊಬ್ಬನೂ ತನ್ನ ಸುತ್ತ ಕಣ್ಣಿಗೆ ಕಾಣದ ವಲಯಗಳನ್ನು ಹೊತ್ತು ನಡೆಯುತ್ತಾನೆಂದು ವಿವರಿಸಿದರು. ಅವರು ನೋಡಿದ ಅಮೆರಿಕದ ಜನರಲ್ಲಿ ಒಂದೂವರೆ ಅಡಿಯವರೆಗಿನ ಸಮೀಪವು ಆಪ್ತರಿಗೆ, ನಾಲ್ಕು ಅಡಿಯವರೆಗೆ ಗೆಳೆಯರಿಗೆ, ಹನ್ನೆರಡು ಅಡಿಯವರೆಗೆ ವ್ಯವಹಾರದವರಿಗೆ, ಅದರಾಚೆ ಸಭೆಗೆ. ಈ ಅಳತೆಗಳು ದೇಶದಿಂದ ದೇಶಕ್ಕೆ ಬೇರೆಯಾಗುವುವೆಂದೂ ಅವರೇ ಹೇಳಿದರು. ಅಳತೆ ಬೇರೆಯಾದರೂ ವಲಯವಿಲ್ಲದ ಜನ ಮಾತ್ರ ಇಲ್ಲ.

ಆದರೆ ಪ್ರಾಣಿಯ ಎಲ್ಲೆಗೂ ಮನುಷ್ಯನ ಎಲ್ಲೆಗೂ ಒಂದು ದೊಡ್ಡ ವ್ಯತ್ಯಾಸವುಂಟು. ಹಕ್ಕಿಯು ಕಾಯುವ ಎಲ್ಲೆಯಲ್ಲಿ ಗೂಡಿದೆ, ಮರಿಯಿದೆ, ಆಹಾರವಿದೆ. ಮನುಷ್ಯನು ಏನೂ ಇಲ್ಲದ ಎಲ್ಲೆಯನ್ನೂ ಕಾಯುತ್ತಾನೆ. ಅಮೆರಿಕದ ಬ್ಯಾರಿ ರೂಬ್ಯಾಕ್ ಎಂಬ ಸಮಾಜಶಾಸ್ತ್ರಜ್ಞರೂ ಅವರ ಸಂಗಡಿಗರೂ ಇದನ್ನು ಸೊಗಸಾಗಿ ತೋರಿಸಿಕೊಟ್ಟರು. 1989ರಲ್ಲಿ ಪ್ರಕಟವಾದ ಅವರ ಒಂದು ಪರೀಕ್ಷೆಯು ಸಾರ್ವಜನಿಕ ಟೆಲಿಫೋನುಗಳದು. ಹಿಂದೆ ಯಾರೋ ಕಾಯುತ್ತ ನಿಂತಿದ್ದಾರೆಂದು ತಿಳಿದಾಗ ಜನರು ಮಾತನ್ನು ಬೇಗ ಮುಗಿಸುವುದಕ್ಕೆ ಬದಲಾಗಿ ಇನ್ನೂ ಹೆಚ್ಚು ಹೊತ್ತು ಮಾತನಾಡಿದರು. 1997ರಲ್ಲಿ ಪ್ರಕಟವಾದದ್ದು ಒಂದು ದೊಡ್ಡ ಮಾರುಕಟ್ಟೆಯ ಮುಂದೆ ಮೋಟಾರುಗಳು ನಿಲ್ಲುವ ಬಯಲಿನದು. ಹೊರಡುವವನು ಬಂಡಿಯ ಬಾಗಿಲನ್ನು ತೆರೆದಂದಿನಿಂದ ಸ್ಥಳವನ್ನು ಬಿಡುವವರೆಗೆ, ಯಾರೂ ಕಾಯದಿದ್ದರೆ ಸರಾಸರಿ 32 ಸೆಕೆಂಡು ಹಿಡಿಯಿತು. ಆ ಸ್ಥಳಕ್ಕಾಗಿ ಮತ್ತೊಬ್ಬನು ಕಾಯುತ್ತಿದ್ದರೆ 39 ಸೆಕೆಂಡು. ಕಾಯುವವನು ಹಾರನ್ನು ಒತ್ತಿದರೆ ಇನ್ನೂ ತಡ. ಹೊರಡುವವನಿಗೆ ಆ ಸ್ಥಳ ಬೇಡವೇ ಬೇಡ; ಮನೆಗೆ ಹೋಗಬೇಕೆಂದೇ ಅವನು ಬಂದವನು. ತಡಮಾಡಿದರೆ ನಷ್ಟ ಅವನಿಗೂ ಉಂಟು. ಹಾಗಿದ್ದರೂ ಮತ್ತೊಬ್ಬನು ಬಯಸಿದ ಕ್ಷಣದಲ್ಲಿಯೇ ಆ ಎರಡು ಗಜದ ನೆಲ ಅಮೂಲ್ಯವಾಯಿತು. ಇಲ್ಲಿ ಅವನು ಕಾದದ್ದು ನೆಲವನ್ನಲ್ಲ, ತನ್ನನ್ನು. ಬಿಟ್ಟುಕೊಡುವುದು ಬೇರೆ, ಬಿಡಿಸಿಕೊಳ್ಳಲ್ಪಡುವುದು ಬೇರೆ. ಮೊದಲನೆಯದರಲ್ಲಿ ದೊಡ್ಡತನ ಕಾಣುತ್ತದೆ. ಎರಡನೆಯದರಲ್ಲಿ ಸೋಲು ಕಾಣುತ್ತದೆ. ಎಲ್ಲೆಯ ಬುದ್ಧಿಗೆ ಅಹಂಕಾರವು ಬಂದು ಕೂಡಿಕೊಳ್ಳುವುದು ಈ ಸ್ಥಾನದಲ್ಲಿ.

ನಮ್ಮ ಪೂರ್ವಿಕರಿಗೆ ಈ ಕೂಟದ ಬಲ ಚೆನ್ನಾಗಿ ತಿಳಿದಿತ್ತು. ಕನ್ನಡನಾಡಿನ ದಾನಶಾಸನಗಳನ್ನು ಓದಿದವರು ಒಂದು ಕ್ರಮವನ್ನು ಬಲ್ಲರು. ದತ್ತಿಯ ಭೂಮಿಯ ಎಲ್ಲೆಗಳನ್ನು ಮೂಡಣಕ್ಕೆ ಈ ಹಳ್ಳ, ತೆಂಕಣಕ್ಕೆ ಈ ಕಲ್ಲು, ಪಡುವಣಕ್ಕೆ ಈ ಮರ ಎಂದು ಎಣಿಸಿದ ಮೇಲೆ ಕೊನೆಯಲ್ಲಿ ಶಾಪಾಶಯದ ಮಾತುಗಳು ಬರುತ್ತವೆ. ಕೊಟ್ಟ ಭೂಮಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುವನು. ವಾರಣಾಸಿಯಲ್ಲಿ ಕಪಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನು. ವಿಷ್ಣುವಿನ ದತ್ತಿಯಾದರೆ ವಾಮನಮುದ್ರೆಯ ಕಲ್ಲು, ಶಿವನ ದತ್ತಿಯಾದರೆ ಲಿಂಗಮುದ್ರೆಯ ಕಲ್ಲು ಗಡಿಯಲ್ಲಿ ನಿಲ್ಲುತ್ತಿತ್ತು. ಇಷ್ಟೊಂದು ಕಾವಲು ಯಾತಕ್ಕೆ? ಒಬ್ಬನ ನೆಲವನ್ನು ಇನ್ನೊಬ್ಬನು ಮುಟ್ಟಬಾರದೆಂಬ ನಿಯಮಕ್ಕಿಂತ ಸುಲಭವಾದದ್ದಿಲ್ಲ. ಅದಕ್ಕಿಂತ ಹೆಚ್ಚಾಗಿ ಮುರಿಯತಕ್ಕದ್ದೂ ಇಲ್ಲ. ನೇಗಿಲು ಹೂಡಿದವನು ವರ್ಷಕ್ಕೊಂದು ಸಾಲಿನಂತೆ ನೆರೆಯವನ ಬದುವನ್ನು ಸವೆಯಿಸುವುದು ಹಳ್ಳಿಗಳಲ್ಲಿ ಯಾರಿಗೂ ಹೊಸ ಸಂಗತಿಯಲ್ಲ. ಅಣ್ಣತಮ್ಮಂದಿರ ಭಾಗದಲ್ಲಿ ಒಂದು ಗೇಣು ಜಾಗಕ್ಕಾಗಿ ಹೂಡಿದ ವ್ಯಾಜ್ಯವು ಆ ಜಾಗದ ಬೆಲೆಯನ್ನು ಹತ್ತು ಸಲ ನುಂಗಿದ ಮೇಲೆಯೂ ನಡೆಯುವುದುಂಟು. ಆಗ ಸೋಲಬಾರದೆಂಬುದೊಂದೇ ಉಳಿದಿರುತ್ತದೆ. ಗೇಣು ಜಾಗ ಮರೆತುಹೋಗಿರುತ್ತದೆ.

ಇನ್ನು ಸಾಲಿನ ವಿಷಯ. ಸಾಲೆಂಬುದು ಕಾಲದಲ್ಲಿ ಹಾಕಿದ ಗಡಿ. ನಾನು ಮೊದಲು ಬಂದೆ, ನೀನು ಆಮೇಲೆ ಬಂದೆ ಎಂಬ ಕಾಲದ ಕ್ರಮವನ್ನು ಜನರು ನೆಲದ ಮೇಲೆ ತಮ್ಮ ದೇಹಗಳಿಂದಲೇ ಬರೆಯುತ್ತಾರೆ. ಸ್ಟ್ಯಾನ್ಲಿ ಮಿಲ್‌ಗ್ರಾಮ್ ಎಂಬ ಮನಶ್ಶಾಸ್ತ್ರಜ್ಞರೂ ಅವರ ಶಿಷ್ಯರೂ ನ್ಯೂಯಾರ್ಕ್ ನಗರದ 129 ಸಾಲುಗಳಲ್ಲಿ ಪರೀಕ್ಷೆಮಾಡಿ 1986ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಅವರ ಕಡೆಯವನೊಬ್ಬನು ಮೂರನೆಯವನಿಗೂ ನಾಲ್ಕನೆಯವನಿಗೂ ನಡುವೆ ಸದ್ದಿಲ್ಲದೆ ಸೇರಿಕೊಳ್ಳುವನು. ಹೀಗೆ ಒಬ್ಬನು ನುಗ್ಗಿದಾಗ, ನೂರಕ್ಕೆ 54 ಸಾಲುಗಳಲ್ಲಿ ಮಾತ್ರ ಯಾರಾದರೂ ಆಕ್ಷೇಪಿಸಿದರು. ಇಬ್ಬರು ನುಗ್ಗಿದಾಗ ನೂರಕ್ಕೆ 91ರಲ್ಲಿ ಆಕ್ಷೇಪ ಬಂದಿತು. ಆಕ್ಷೇಪಿಸಿದವರಲ್ಲಿ ಹೆಚ್ಚಿನವರು ನುಗ್ಗಿದವನ ಹಿಂದೆ ಇದ್ದವರು, ಅದರಲ್ಲಿಯೂ ಒಡನೆಯೇ ಹಿಂದೆ ನಿಂತವರು. ಅವನ ಹಿಂದಿನವನೇ ಸುಮ್ಮನಿದ್ದರೆ, ಮಿಕ್ಕವರ ಬಾಯಿಯೂ ಬಹುಮಟ್ಟಿಗೆ ಕಟ್ಟಿತು.

ಇದರಿಂದ ಎರಡು ವಿಷಯಗಳು ತಿಳಿಯುತ್ತವೆ. ಒಂದು, ಸಾಲಿನ ನಿಯಮಕ್ಕೆ ಕಾವಲುಗಾರನು ಬೇರೆ ಇಲ್ಲ, ನಿಂತವರೇ ಕಾವಲುಗಾರರು. ಎರಡು, ಆ ಕಾವಲು ದುರ್ಬಲ, ಏಕೆಂದರೆ ಪ್ರತಿಯೊಬ್ಬನೂ ಇದು ತನ್ನ ಮುಂದಿನವನ ಕೆಲಸವೆಂದು ತಿಳಿಯುತ್ತಾನೆ. ನಿಯಮವನ್ನು ಕಾಯುವ ಕಷ್ಟ ಒಬ್ಬನಿಗೆ. ಅದರ ಫಲ ಎಲ್ಲರಿಗೂ ಹಂಚಿಹೋಗುತ್ತದೆ. ನಿಯಮವನ್ನು ಮುರಿದರೆ ಫಲವೆಲ್ಲ ಮುರಿದವನಿಗೆ; ನಷ್ಟವು ಹಿಂದಿನ ಇಪ್ಪತ್ತು ಮಂದಿಗೆ ಒಂದೊಂದು ನಿಮಿಷದಂತೆ ಹಂಚಿಹೋಗುತ್ತದೆ. ಒಂದು ನಿಮಿಷಕ್ಕಾಗಿ ಯಾರು ಜಗಳವಾಡಿಯಾರು? ಸಣ್ಣ ನಿಯಮಗಳು ಸಣ್ಣವಾಗಿರುವುದರಿಂದಲೇ ಅನಾಥವಾಗುವುದು ಹೀಗೆ.

ಅಹಂಕಾರದ ಪಾತ್ರವನ್ನು ಈಗ ಬಿಡಿಸಿ ನೋಡಬೇಕು. ಸ್ವೀಡನ್ ದೇಶದ ಓಲಾ ಸ್ವೆನ್ಸನ್ ಎಂಬವರು 1981ರಲ್ಲಿ, ಮೋಟಾರು ನಡೆಯಿಸುವವರನ್ನು ತಮ್ಮ ಕೌಶಲವನ್ನು ಸಂಗಡಿಗರ ಕೌಶಲದೊಡನೆ ಹೋಲಿಸಿ ನೋಡುವಂತೆ ಕೇಳಿದರು. ಅಮೆರಿಕದವರಲ್ಲಿ ನೂರಕ್ಕೆ 93 ಮಂದಿಯೂ ಸ್ವೀಡನ್ನಿನವರಲ್ಲಿ ನೂರಕ್ಕೆ 69 ಮಂದಿಯೂ ತಾವು ಮೇಲಿನ ಅರ್ಧಕ್ಕೆ ಸೇರಿದವರೆಂದು ಹೇಳಿದರು. ನೂರರ ಅರ್ಧ ಐವತ್ತೇ ಹೊರತು ತೊಂಬತ್ತಮೂರಲ್ಲವಷ್ಟೆ. ಈ ಲೆಕ್ಕದ ತಪ್ಪಿನಲ್ಲಿಯೇ ನಿಯಮಭಂಗದ ಮರ್ಮವಿದೆ. ವೇಗದ ಮಿತಿ, ತಿರುವಿನ ಎಚ್ಚರಿಕೆ ಇವೆಲ್ಲ ಸಾಮಾನ್ಯರಿಗಾಗಿ ಮಾಡಿದವು, ಚತುರನಾದ ನನಗಲ್ಲ. ನಿಯಮವನ್ನು ಅವನು ತಿರಸ್ಕರಿಸುವುದಿಲ್ಲ. ಅದು ಇರಬೇಕೆಂದೇ ಹೇಳುತ್ತಾನೆ. ತಾನು ಮಾತ್ರ ಅದಕ್ಕೆ ಅಪವಾದವೆಂದು ಬಗೆಯುತ್ತಾನೆ.

ಇದಕ್ಕೆ ಜೊತೆಗೂಡುವ ಇನ್ನೊಂದು ವಂಚನೆಯುಂಟು. 1971ರಲ್ಲಿ ಜೋನ್ಸ್, ನಿಸ್ಬೆಟ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅದನ್ನು ವಿಸ್ತಾರವಾಗಿ ವಿವರಿಸಿದರು. ನಮ್ಮ ನಡತೆಗೆ ಕಾರಣವನ್ನು ನಾವು ಸನ್ನಿವೇಶದಲ್ಲಿ ಹುಡುಕುತ್ತೇವೆ. ಪರರ ನಡತೆಗೆ ಕಾರಣವನ್ನು ಅವರ ಸ್ವಭಾವದಲ್ಲಿ ಹುಡುಕುತ್ತೇವೆ. ನಾನು ಅಡ್ಡಹಾದಿ ಹಿಡಿದರೆ ಅವಸರವಿತ್ತು, ಮನೆಯಲ್ಲಿ ಕಾಯಿಲೆಯಿತ್ತು. ಅವನು ಹಿಡಿದರೆ ಅವನಿಗೆ ಸೊಕ್ಕು. ನನ್ನ ಒಳಗನ್ನು ನಾನು ಕಾಣುತ್ತೇನೆ; ಅವನ ಹೊರಗನ್ನು ಮಾತ್ರ ಕಾಣುತ್ತೇನೆ. ಹೀಗಾಗಿ ಪ್ರತಿಯೊಬ್ಬನ ಲೆಕ್ಕದಲ್ಲಿಯೂ ತಪ್ಪುಗಾರರು ಬೇರೆಯವರೇ. ಊರಿನಲ್ಲಿ ಶಿಸ್ತಿಲ್ಲವೆಂದು ಊರಿನ ಜನರೆಲ್ಲರೂ ಒಮ್ಮತದಿಂದ ದೂರುವುದು ಈ ಕಾರಣದಿಂದ ಸಾಧ್ಯವಾಗಿದೆ.

ನಿಯಮವು ಸುಲಭವಾದಷ್ಟೂ ಅದು ಬಲ್ಲವರಿಗೆ ಅಪಮಾನವಾಗಿ ಕಾಣುತ್ತದೆಂಬುದು ಮೂರನೆಯ ಸಂಗತಿ. ಇದಕ್ಕೆ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯ ಕಥೆಗಿಂತ ದಾರುಣವಾದ ನಿದರ್ಶನ ಬೇಕಾಗಿಲ್ಲ. ಅಲ್ಲಿ ಹೆರಿಗೆಯ ವಾರ್ಡುಗಳು ಎರಡು. ವೈದ್ಯವಿದ್ಯಾರ್ಥಿಗಳಿದ್ದ ಮೊದಲನೆಯದರಲ್ಲಿ ಬಾಣಂತಿಜ್ವರದ ಸಾವು, ಸೂಲಗಿತ್ತಿಯರಿದ್ದ ಎರಡನೆಯದಕ್ಕಿಂತ ಬಹಳ ಹೆಚ್ಚು. 1847ರ ಏಪ್ರಿಲ್ ತಿಂಗಳಿನಲ್ಲಿ ಮೊದಲನೆಯ ವಾರ್ಡಿನಲ್ಲಿ ನೂರಕ್ಕೆ ಹದಿನೆಂಟು ಮಂದಿ ತಾಯಂದಿರು ಸತ್ತರು. ಹಂಗೇರಿಯ ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ಯುವಕ ವೈದ್ಯರು, ಶವಗಳನ್ನು ಕೊಯ್ದ ಕೈಗಳಿಂದಲೇ ಪ್ರಸವವನ್ನು ಪರೀಕ್ಷಿಸುವುದು ಇದಕ್ಕೆ ಕಾರಣವೆಂದು ಊಹಿಸಿ, ಮೇ ತಿಂಗಳ ನಡುವೆ ಒಂದು ನಿಯಮವನ್ನು ಮಾಡಿದರು: ಒಳಕ್ಕೆ ಬರುವವರು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕು. ಜೂನ್ ತಿಂಗಳಿನಲ್ಲಿ ಸಾವು ನೂರಕ್ಕೆ ಎರಡರ ಸುಮಾರಿಗೆ ಇಳಿಯಿತು. ಆದರೂ ಅನೇಕ ವೈದ್ಯರು ಒಪ್ಪಲಿಲ್ಲ. ಆಗ ರೋಗಾಣುಗಳ ವಿಚಾರ ಸ್ಥಿರಪಟ್ಟಿರಲಿಲ್ಲವಾದುದರಿಂದ ಶಾಸ್ತ್ರದ ಸಂಶಯಗಳೂ ಇದ್ದುವು. ಆದರೆ ವೈದ್ಯನ ಕೈಯೇ ಮೃತ್ಯುವನ್ನು ತಂದಿತೆಂದು ಒಪ್ಪುವುದು ಮನಸ್ಸಿಗೆ ಅದಕ್ಕಿಂತಲೂ ಕಷ್ಟವಾಗಿತ್ತು. ಸೆಮ್ಮೆಲ್ವೈಸರಿಗೂ ಸಹನೆ ಸಾಲದೆ, ಒಪ್ಪದವರನ್ನು ಕೊಲೆಗಾರರೆಂದು ಬಹಿರಂಗ ಪತ್ರಗಳಲ್ಲಿ ಜರೆದರು. ಎರಡು ಕಡೆಯ ಅಭಿಮಾನಗಳ ನಡುವೆ ಎಷ್ಟೋ ತಾಯಂದಿರು ಸಾಯುತ್ತ ಹೋದರು. ಅವರೂ 1865ರಲ್ಲಿ ಹುಚ್ಚಾಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಕೈ ತೊಳೆಯುವುದಕ್ಕಿಂತ ಸುಲಭವಾದ ನಿಯಮ ಯಾವುದಿದೆ?

ಇದಕ್ಕೆ ಎದುರಾದ ಒಂದು ಒಳ್ಳೆಯ ಕಥೆಯೂ ಉಂಟು. ಮೈಸೂರಿನಲ್ಲಿ ಆಕಾಶವಾಣಿಯು ಆರಂಭವಾದ 1935ನೆಯ ವರ್ಷದಲ್ಲಿಯೇ, ಅಕ್ಟೋಬರ್ 30ರಂದು, ಅಮೆರಿಕದಲ್ಲಿ ಬೋಯಿಂಗ್ ಸಂಸ್ಥೆಯ ಹೊಸ ದೊಡ್ಡ ವಿಮಾನವೊಂದು ಮೇಲೇರಿದೊಡನೆ ಕೆಳಗೆ ಬಿದ್ದಿತು. ನಡೆಯಿಸಿದವರು ಅನುಭವಶಾಲಿಗಳೇ. ನಿಂತಿರುವಾಗ ಗಾಳಿಗೆ ರೆಕ್ಕೆಬಾಲಗಳ ಅಲಗುಗಳು ಅಲುಗದಂತೆ ಹಾಕಿದ ಕೊಂಡಿಯನ್ನು ಬಿಚ್ಚಲು ಮರೆತಿದ್ದರು. ಪರಿಣತರು ಇನ್ನಷ್ಟು ಪರಿಣತರಾಗಬೇಕೆಂದು ವಿಮಾನಿಕರು ಹೇಳಲಿಲ್ಲ. ಏರುವುದಕ್ಕೆ ಮುಂಚೆ ನೋಡಬೇಕಾದವನ್ನು ಒಂದು ಪಟ್ಟಿಯಾಗಿ ಬರೆದಿಟ್ಟು, ಪ್ರತಿಸಲವೂ ಓದಿ ನೋಡಿಕೊಳ್ಳುವ ಪದ್ಧತಿಯನ್ನು ಮಾಡಿದರು. ಬಹುಕಾಲದ ಮೇಲೆ ಶಸ್ತ್ರವೈದ್ಯರೂ ಇದನ್ನು ಅನುಸರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಪಟ್ಟಿಯನ್ನು ಹೊಸದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ, ಶಸ್ತ್ರಚಿಕಿತ್ಸೆಯ ತರುವಾಯದ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು. ಆ ಪಟ್ಟಿಯಲ್ಲಿ ಒಂದು ಅಂಶ, ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರನ್ನೂ ಕೆಲಸವನ್ನೂ ಹೇಳಿಕೊಳ್ಳಬೇಕೆಂಬುದು. ಹೆಸರು ಹೇಳಿಕೊಂಡ ದಾದಿಗೆ, ದೊಡ್ಡ ವೈದ್ಯರು ಏನನ್ನಾದರೂ ಮರೆತಾಗ, ಬಾಯಿ ಬಿಟ್ಟು ಹೇಳುವ ಧೈರ್ಯ ಬರುತ್ತದೆ. ನಿಯಮದ ಕೆಲಸ ಜ್ಞಾನವನ್ನು ಹೆಚ್ಚಿಸುವುದಷ್ಟೇ ಅಲ್ಲ. ಗರ್ವಕ್ಕೂ ಸಂಕೋಚಕ್ಕೂ ನಡುವೆ ಒಂದು ಬಾಗಿಲನ್ನು ತೆರೆಯುವುದೂ ಹೌದು.

ಒಂದು ದೇಶಕ್ಕೆ ದೇಶವೇ ಸುಲಭ ನಿಯಮವೊಂದನ್ನು ಹೊಸದಾಗಿ ಕಲಿತದ್ದೂ ಉಂಟು. ಸ್ವೀಡನ್ನಿನಲ್ಲಿ ಮೊದಲು ನಮ್ಮಂತೆಯೇ ಬಂಡಿಗಳು ರಸ್ತೆಯ ಎಡಗಡೆ ಹೋಗುತ್ತಿದ್ದುವು. ಬಲಗಡೆಗೆ ಬದಲಾಯಿಸಬೇಕೇ ಎಂದು 1955ರಲ್ಲಿ ಜನರ ಮತವನ್ನು ಕೇಳಿದಾಗ ನೂರಕ್ಕೆ 83 ಮಂದಿ ಬೇಡವೆಂದರು. ಆದರೂ ಸರ್ಕಾರವು 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ ಐದು ಗಂಟೆಗೆ ಎಲ್ಲ ಬಂಡಿಗಳನ್ನೂ ಬಲಗಡೆಗೆ ತಿರುಗಿಸಿತು. ಗೊಂದಲವಾಗುವುದೆಂದು ಭಯಪಟ್ಟವರೇ ಹೆಚ್ಚು. ಆದರೆ ಅಪಘಾತಗಳು ಕೆಲವು ಕಾಲ ಮೊದಲಿಗಿಂತ ಇಳಿದುವು! 1969ರ ವೇಳೆಗೆ ಮತ್ತೆ ಹಳೆಯ ಮಟ್ಟಕ್ಕೆ ಬಂದುವು. ಇದರ ಅರ್ಥವನ್ನು ಊಹಿಸುವುದು ಕಷ್ಟವಲ್ಲ. ಹೊಸ ರಸ್ತೆಯಲ್ಲಿ ಎಲ್ಲರೂ ಕಲಿಯುವವರಾಗಿದ್ದರು. ತನ್ನ ಕೌಶಲದಲ್ಲಿ ಯಾರಿಗೂ ನಂಬಿಕೆಯಿರಲಿಲ್ಲ. ಎದುರಿನವನನ್ನು ನೋಡಿ, ನಿಂತು, ಆಮೇಲೆ ಮುಂದೆ ಹೋದರು. ಅಭ್ಯಾಸ ಬಲಿತಂತೆ ಆತ್ಮವಿಶ್ವಾಸವೂ ಬಲಿಯಿತು; ಅದರೊಂದಿಗೆ ಹಳೆಯ ಅಪಘಾತಗಳೂ ಹಿಂತಿರುಗಿದುವು.

ಹಾಗಾದರೆ ಪರಿಹಾರವೇನು? ಎಲ್ಲೆಯ ಬುದ್ಧಿಯನ್ನು ಕಿತ್ತೊಗೆಯುವುದು ಆಗದ ಕೆಲಸ. ಅದನ್ನು ಪಳಗಿಸಿ ಬಳಸಿಕೊಳ್ಳುವುದು ಸಾಧ್ಯ. ಅಮೆರಿಕದ ಎಲಿನರ್ ಆಸ್ಟ್ರಂ ಎಂಬ ವಿದುಷಿಯರು, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದವರು, ನೂರಾರು ವರ್ಷ ಕೆಡದೆ ನಡೆದುಬಂದ ಸಾಮಾನ್ಯ ಹುಲ್ಲುಗಾವಲುಗಳನ್ನೂ ನೀರಾವರಿಗಳನ್ನೂ ಪರಿಶೀಲಿಸಿ 1990ರಲ್ಲಿ ಒಂದು ಗ್ರಂಥವನ್ನು ಬರೆದರು. ಅಂಥವುಗಳಲ್ಲಿ ಕೆಲವು ಲಕ್ಷಣಗಳನ್ನು ಅವರು ಕಂಡರು. ಎಲ್ಲೆಗಳು ಸ್ಪಷ್ಟವಾಗಿರುತ್ತವೆ. ನಿಯಮವನ್ನು ಅನುಸರಿಸುವವರಿಗೆ ಅದನ್ನು ಮಾಡುವುದರಲ್ಲಿಯೂ ಪಾಲಿರುತ್ತದೆ. ನೋಡಿಕೊಳ್ಳುವವನು ಆ ಜನಕ್ಕೇ ಉತ್ತರ ಹೇಳಬೇಕಾದವನು. ಮೊದಲ ತಪ್ಪಿಗೆ ಲಘುವಾದ ದಂಡ, ಮುಂದೆ ಮುಂದೆ ಹೆಚ್ಚು. ಜಗಳವನ್ನು ಬೇಗನೆ, ಕಡಿಮೆ ವೆಚ್ಚದಲ್ಲಿ ತೀರಿಸುವ ಒಂದು ಸ್ಥಾನವಿರುತ್ತದೆ.

ನಮ್ಮ ಹಳೆಯ ಮೈಸೂರು ಸೀಮೆಯ ಕೆರೆಗಳನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಕೆರೆಯ ತೂಬನ್ನು ತೆರೆದು ಗದ್ದೆಗದ್ದೆಗೆ ಸರದಿಯಂತೆ ನೀರು ಹಾಯಿಸುವವನು ನೀರುಗಂಟಿ. ತನ್ನ ಗದ್ದೆಗೆ ಬೇಕೆಂದು ಒಡೆಯನೇ ಬಂದು ಮಡೆಯನ್ನು ತೆಗೆಯುವಂತಿರಲಿಲ್ಲ. ಊರೇ ನೇಮಿಸಿ, ಊರೇ ಧಾನ್ಯ ಕೊಟ್ಟು ಸಾಕಿದವನ ಕೈಯಲ್ಲಿ ಸರದಿಯಿತ್ತು. ಅವನು ಶ್ರೀಮಂತನಲ್ಲ, ಪದವಿಯುಳ್ಳವನಲ್ಲ. ಆದರೆ ನೀರಿನ ವಿಷಯದಲ್ಲಿ ಪಟೇಲನೂ ಅವನ ಸರದಿಯನ್ನು ಕಾಯಬೇಕೆಂಬುದು ಆ ಏರ್ಪಾಟಿನ ತಿರುಳು. ನಡೆದ ಕಡೆಯಲ್ಲಿ, ಇಬ್ಬರು ರೈತರ ಅಭಿಮಾನಗಳು ಮುಖಾಮುಖಿಯಾಗುವ ಪ್ರಸಂಗವೇ ಕಡಿಮೆಯಾಗುತ್ತಿತ್ತು. ಆಸ್ಪತ್ರೆಯಲ್ಲಿಯೋ ಬ್ಯಾಂಕಿನಲ್ಲಿಯೋ ಕೊಡುವ ಸಂಖ್ಯೆಯ ಚೀಟಿಯೂ ಇದೇ ಕೆಲಸವನ್ನು ಮಾಡುತ್ತದೆ. ಚೀಟಿ ಹಿಡಿದವನು ತನ್ನ ಸ್ಥಾನವನ್ನು ಮೈಯಿಂದ ಕಾಯಬೇಕಾಗಿಲ್ಲ. ಮುಂದಿನವನು ಶತ್ರುವಲ್ಲ, ಹಿಂದಿನವನು ಆಕ್ರಮಣಕಾರನಲ್ಲ. ಒಳ್ಳೆಯ ಏರ್ಪಾಟು ಜನರನ್ನು ಸಾಧುಗಳಾಗಿ ಮಾಡುವುದಿಲ್ಲ. ಸಾಧುಗಳಲ್ಲದವರೂ ಸಾಧುಗಳಂತೆ ನಡೆಯಲು ಅನುವುಮಾಡಿಕೊಡುತ್ತದೆ.

ಆದರೆ ಎಲ್ಲ ಕಡೆಯೂ ಚೀಟಿ ಕೊಡಲಾಗದು, ಎಲ್ಲ ತೂಬಿಗೂ ನೀರುಗಂಟಿಯನ್ನು ಇಡಲಾಗದು. ಉಳಿದದ್ದು ಒಬ್ಬೊಬ್ಬನ ಮನಸ್ಸಿಗೆ ಸೇರಿದ ಕೆಲಸ. ಅದಕ್ಕೆ ಒಂದು ಸಣ್ಣ ಅಭ್ಯಾಸ ಸಾಕಾದೀತು. ನಿಯಮವನ್ನು ದಾಟಬೇಕೆನಿಸಿದಾಗ, ಇದೇ ಕಾರಣವನ್ನು ಹೇಳಿ ನೆರೆಯವನು ದಾಟಿದರೆ ನಾವು ಮನ್ನಿಸುವೆವೋ ಎಂದು ಕೇಳಿಕೊಳ್ಳುವುದು. ಮನ್ನಿಸುವೆವಾದರೆ ಅದು ನಿಜವಾದ ಕಾರಣ. ಇಲ್ಲವಾದರೆ ಅದು ಕಾರಣದ ವೇಷ ಹಾಕಿದ ಅಹಂಕಾರ. ಪರರು ದಾಟಿದಾಗಲೂ, ಅವರಿಗೊಂದು ಕಾರಣವಿದ್ದಿರಬಹುದೆಂದು ಅರೆಗಳಿಗೆ ಯೋಚಿಸಿ, ಆಮೇಲೆ ಮೆತ್ತಗೆ ಆಕ್ಷೇಪಿಸುವುದು. ಸುಮ್ಮನಿರುವುದು ಸಹನೆಯಲ್ಲ, ಮುಂದಿನವನೇ ಸುಮ್ಮನಿದ್ದಾಗ ಸಾಲೆಲ್ಲ ಸುಮ್ಮನಾದದ್ದನ್ನು ನಾವು ಕಂಡಿದ್ದೇವೆ.

ಈ ವಿಚಾರವನ್ನೆಲ್ಲ ಒಂದೇ ಕಥೆಯಲ್ಲಿ ಅಡಗಿಸಿಟ್ಟವರು ನಮ್ಮ ನಾಡಿನಲ್ಲಿದ್ದಾರೆ. 941ರಲ್ಲಿ ಪಂಪನು ಆದಿಪುರಾಣದಲ್ಲಿ ಹೇಳಿದ ಭರತ ಬಾಹುಬಲಿಗಳ ಕಥೆಯದು. ನೆಲಕ್ಕಾಗಿ ಅಣ್ಣತಮ್ಮಂದಿರಿಗೆ ಜಗಳ ಹುಟ್ಟಿತು. ಸೇನೆಗಳು ಸಾಯುವುದು ಬೇಡವೆಂದು ಮೂರು ಪಂದ್ಯಗಳ ನಿಯಮವಾಯಿತು: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ನಿಯಮ ಸುಲಭ, ಸ್ಪಷ್ಟ, ಇಬ್ಬರೂ ಒಪ್ಪಿದ್ದು. ಮೂರರಲ್ಲಿಯೂ ಸೋತ ಭರತನು ಅವಮಾನವನ್ನು ತಡೆಯಲಾರದೆ ಒಪ್ಪಂದವನ್ನು ಮೀರಿ ಚಕ್ರವನ್ನು ಎಸೆದನು. ಷಟ್ಖಂಡಗಳನ್ನು ಗೆದ್ದ ಚಕ್ರವರ್ತಿಗೆ ಮೂರು ಪಂದ್ಯಗಳ ನಿಯಮವನ್ನು ಪಾಲಿಸಲಾಗಲಿಲ್ಲ. ಚಕ್ರವು ಬಾಹುಬಲಿಯನ್ನು ಹಿಂಸಿಸದೆ ನಿಂತಿತು. ಗೆದ್ದ ಬಾಹುಬಲಿಯು ಗೆದ್ದ ನೆಲವನ್ನು ಬಿಟ್ಟು ತಪಸ್ಸಿಗೆ ನಿಂತನು. ಬಳ್ಳಿಗಳು ಮೈಗೆ ಹಬ್ಬಿದರೂ ಕೇವಲಜ್ಞಾನವು ಬರಲಿಲ್ಲ. ಜನರಲ್ಲಿ ಪ್ರಚಲಿತವಾಗಿರುವ ಕಥನದಂತೆ, ತಾನು ನಿಂತಿರುವ ಈ ನೆಲವೂ ಅಣ್ಣನದೇ ಅಲ್ಲವೆ ಎಂಬ ಒಂದು ಮುಳ್ಳು ಅವನ ಮನಸ್ಸಿನಲ್ಲಿ ಉಳಿದಿತ್ತು. ಶ್ವೇತಾಂಬರರ ಕಥನದಲ್ಲಿ ಸೋದರಿಯರಾದ ಬ್ರಾಹ್ಮಿ ಸುಂದರಿಯರು ಬಂದು, ಆನೆಯ ಮೇಲಿಂದ ಇಳಿಯೆಂದು ಹೇಳುತ್ತಾರೆ, ಆನೆಯೆಂದರೆ ಮಾನ.

ರಾಜ್ಯವನ್ನು ಬಿಡುವುದು ಬಾಹುಬಲಿಗೆ ಒಂದು ಗಳಿಗೆಯ ಕೆಲಸವಾಯಿತು; ಎರಡು ಪಾದಗಳ ಕೆಳಗಿನ ನೆಲ ಯಾರದೆಂಬ ಎಣಿಕೆಯನ್ನು ಬಿಡಲು ಒಂದು ವರ್ಷ ಹಿಡಿಯಿತು. ಶ್ರವಣಬೆಳಗೊಳದ ಬೆಟ್ಟದ ಮೇಲೆ 981ರ ಸುಮಾರಿಗೆ ಚಾವುಂಡರಾಯನು ನಿಲ್ಲಿಸಿದ ಮೂರ್ತಿಯು ಆ ಬಿಡುಗಡೆಯ ಮೂರ್ತಿ. ನಮಗೆ ಅಷ್ಟು ದೊಡ್ಡ ತಪಸ್ಸು ಬೇಕಾಗಿಲ್ಲ. ಸಾಲಿನಲ್ಲಿ ನಿಂತ ಐದು ನಿಮಿಷ, ತಿರುವಿನಲ್ಲಿ ಎದುರಿನ ಬಂಡಿಗೆ ದಾರಿ ಬಿಟ್ಟ ಒಂದು ಗಳಿಗೆ, ಕಾಯುವವನಿಗಾಗಿ ಬೇಗ ತೆರವುಮಾಡಿದ ಒಂದು ಸ್ಥಳ, ಇಷ್ಟರಲ್ಲಿಯೇ ಅದರ ಅಭ್ಯಾಸವನ್ನು ನಾವು ಆರಂಭಿಸಬಹುದು.